ತೊಳೆಯಬಾರದಿದ್ದ ಕಲ್ಲು

ಹೋದ ತಿಂಗಳು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಆಸಾಮಿ ಗೋಣಿಚೀಲವೊಂದನ್ನು ತಂದು ನನ್ನ ಸೀಟಿನ ಕೆಳಗೆ ತುರುಕಿದ. ಬಸ್ಸು ಊರು ದಾಟುವುದರೊಳಗೆ ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಕಂಡಕ್ಟರ್ ಬೈದರು. ಹಿಂದಿನ ಸೀಟಿನ ಹೆಂಗಸೊಬ್ಬಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕಿಟಕಿಯಾಚೆ ತಲೆ ಹಾಕಿದಳು. ಚೀಲದೊಳಗೆ ಇದ್ದದ್ದು ರೇಷ್ಮೆಹುಳ. ಗೂಡು ಬೇಯಿಸಿ ನೂಲು ಬಿಚ್ಚಿಕೊಂಡ ಮೇಲೆ ಒಳಗೆ ಉಳಿಯುತ್ತದಲ್ಲ, ಆ ಸತ್ತ ಹುಳ. ಬಿಸಿಲಲ್ಲಿ ಎಷ್ಟು ಒಣಗಿಸಿದರೂ ಅದರ ನಾತ ಹೋಗುವುದಿಲ್ಲ. ಕೋಳಿಗೆ ಹಾಕುತ್ತಾರೆ, ಮೀನಿಗೆ ಹಾಕುತ್ತಾರೆ.

ನಾನೊಬ್ಬಳು ಮೂಗು ಮುಚ್ಚಲಿಲ್ಲ. ಆ ನಾತ ನನ್ನ ಮೂಗಿಗೆ ಬಿದ್ದು ಎರಡು ವರ್ಷವಾಗಿತ್ತು. ಮುಳಬಾಗಿಲಲ್ಲಿ ತಂಗಿಯ ಮನೆಗೆ ಹೋಗಬೇಕಾಗಿದ್ದವಳು ಆವತ್ತು ಅವಳ ಮನೆಗೆ ಹೋಗಲೇ ಇಲ್ಲ. ಎಲ್ಲಿಗೆ ಹೋದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಎದುರು ಮನೆಯವರ ವಿಷಯ ಹೇಳಬೇಕು.

ಊರಿಗೆಲ್ಲ ಅವರು ವೈಂಡಿಂಗ್ ಅಂಗಡಿಯವರು. ಸುತ್ತಲ ಹಳ್ಳಿಗಳಲ್ಲಿ ಯಾರ ಬೋರ್‌ವೆಲ್ ಮೋಟಾರು ಸುಟ್ಟರೂ ಅವರ ಅಂಗಡಿಗೇ ಬರಬೇಕಿತ್ತು. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಕೊಡುತ್ತಿದ್ದರು. ಮಾವಿನ ಕಾಲದಲ್ಲಿ ಲಾರಿಗಳು ಬೀದಿ ತುಂಬ ನಿಂತು ಊರೇ ಗಲಗಲ ಅನ್ನುತ್ತಿದ್ದಾಗಲೂ ಅವರು ಅಂಗಡಿಯ ಮೂಲೆಯಲ್ಲಿ ತಲೆ ಬಗ್ಗಿಸಿ ಸುತ್ತು ಎಣಿಸುತ್ತಾ ಕೂತಿರುತ್ತಿದ್ದರು. ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಎಣಿಸದೆ ಇದ್ದಾಗಲೂ ಮಾತು ಕಡಿಮೆಯೇ ಬಿಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಮಾಮ. ರಕ್ತಸಂಬಂಧ ಏನೂ ಇಲ್ಲ, ಎದುರು ಬದುರು ಬಾಗಿಲು, ಅಷ್ಟೇ.

ನನ್ನದು ಅವರಿಗೆ ತದ್ವಿರುದ್ಧ. ನಾನು ಆಶಾ ಕಾರ್ಯಕರ್ತೆ. ಮನೆಮನೆ ಸುತ್ತುವುದು, ಬಸುರಿಯರ ಲೆಕ್ಕ ಇಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು, ಡೆಂಗಿ ಕಾಲ ಬಂತೆಂದರೆ ಡ್ರಮ್ಮು, ತೊಟ್ಟಿ, ಹೂಕುಂಡ ಎಲ್ಲ ಇಣುಕಿ ನೋಡಿ ಬೈಯುವುದು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತ ನಮ್ಮಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳು. ಕೊರೊನಾ ಕಾಲದಲ್ಲಿ ನಮ್ಮ ಬೀದಿಯವರು ನನ್ನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ನಾನು ಹೇಳಿದ್ದೇ ವೇದವಾಕ್ಯ ಆಗಿಹೋಗಿತ್ತು. ನಾನು ಬೀದಿಗೆ ಕಾಲಿಟ್ಟರೆ ಹೆಂಗಸರು ಓಡಿಹೋಗಿ ನೀರಿನ ಡ್ರಮ್ಮಿಗೆ ಮುಚ್ಚಳ ಹಾಕುತ್ತಿದ್ದರು. ಅದರ ಬಗ್ಗೆ ನನಗೆ ಜಂಭ ಇತ್ತು, ಸುಳ್ಳು ಯಾಕೆ ಹೇಳಲಿ.

ಮಾಮನ ಹೆಂಡತಿಯನ್ನು ನಾನು ಅತ್ತೆ ಅಂತಲೇ ಕರೆಯುತ್ತಿದ್ದೆ. ಮಕ್ಕಳಿರಲಿಲ್ಲ ಅವರಿಗೆ. ಮುಳಬಾಗಿಲಿನಾಚೆ, ಆಂಧ್ರದ ಗಡಿಯ ಹತ್ತಿರ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗಿನ ಮನೆಯಲ್ಲಿ ಹುಟ್ಟಿ ಬೆಳೆದವರು. ಒಂದು ಕಾಲದಲ್ಲಿ ಬೀದಿಗೆಲ್ಲ ಉಪ್ಪಿನಕಾಯಿ ಹಾಕಿಕೊಟ್ಟ ಕೈ ಅದು. ಆಮೇಲೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲೆ ಹಾಲಿಟ್ಟದ್ದು ಮರೆತರು, ಆಮೇಲೆ ನನ್ನ ಹೆಸರು, ಆಮೇಲೆ ಕನ್ನಡ. ಚಿಕ್ಕಂದಿನ ತೆಲುಗು ಮಾತ್ರ ಉಳಿಯಿತು. ಇಂಟಿಕಿ ಪೋತಾನು, ಮನೆಗೆ ಹೋಗ್ತೀನಿ ಅಂತ ಹೇಳಿ ಕೈಚೀಲ ಹಿಡಿದು ಹೊರಟುಬಿಡುತ್ತಿದ್ದರು. ಇದೇ ನಿಮ್ಮ ಮನೆ ಅಂದರೆ ಒಪ್ಪುತ್ತಿರಲಿಲ್ಲ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಇನ್ನೊಂದು ಸಲ ಮಾವಿನ ಮಂಡಿಯಲ್ಲಿ ಲಾರಿಗಳ ನಡುವೆ, ಕಾಲಿಗೆ ಗಾಯ ಮಾಡಿಕೊಂಡು.

ಎರಡನೇ ಸಲ ಅವರ ತಮ್ಮ ಹಳ್ಳಿಯಿಂದ ಬಂದರು. ಒಳ್ಳೆಯ ಮನುಷ್ಯ, ಹಿಪ್ಪುನೇರಳೆ, ಹಸು ಅಂತ ಮಾಡಿಕೊಂಡಿದ್ದವರು. ಅಕ್ಕನ ಕಾಲಿನ ಗಾಯ ನೋಡಿ ಕಣ್ಣು ಒರೆಸಿಕೊಂಡರು. "ಭಾವ, ನೀವೊಬ್ರೇ ಗಂಡಸು. ಅಂಗಡಿ ನೋಡ್ತೀರೋ ಅಕ್ಕನ್ನ ನೋಡ್ತೀರೋ? ನಮ್ಮನೇಲಿ ಮೂರ್ ಜನ ಹೆಂಗಸ್ರವ್ರೆ. ಇನ್ನೊಂದ್ ಸಲ ಹಿಂಗಾದ್ರೆ ನಾನು ಕೇಳಲ್ಲ, ಕರ್ಕೊಂಡೋಗ್ತೀನಿ" ಅಂದರು. ಮಾಮ ತಲೆಯಾಡಿಸಿದರು. ತಮ್ಮ ಹೋದ ಮೇಲೆ ಅಂಗಡಿಯ ಬೀಗದ ಕೈ ಕೆಲಸದವನಿಗೆ ಕೊಟ್ಟು, ಮನೆಯಲ್ಲೇ ಕೂತುಬಿಟ್ಟರು. ನಲವತ್ತು ವರ್ಷ ಜೊತೆಗಿದ್ದವಳನ್ನು ಇನ್ನೊಬ್ಬರ ಮನೆಗೆ ಕಳಿಸುವ ಮಾತು ಅವರಿಗೆ ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಆಗುತ್ತಿರಲಿಲ್ಲ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಮೀನಿನ ತೊಟ್ಟಿ ಬಂದದ್ದು ಆಗ. ಅಕ್ವಾಪೋನಿಕ್ಸ್ ಅಂತ ಅದರ ಹೆಸರು, ಫೋನಿನಲ್ಲಿ ನೋಡಿ ಕಲಿತಿದ್ದರು. ನಮ್ಮ ಬೀದಿಯವರ ಬಾಯಿಗೆ ಆ ಹೆಸರು ಹತ್ತಲಿಲ್ಲ, ಮೀನ್ ತೊಟ್ಟಿ ಅಂದರು, ಮುಗಿಯಿತು. ಮನೆಯ ಮುಂದಿನ ಅಂಗಳದಲ್ಲಿ ದೊಡ್ಡ ಕಪ್ಪು ನೀರಿನ ಟ್ಯಾಂಕನ್ನು ಅರ್ಧಕ್ಕೆ ಕೊಯ್ದು ಇಟ್ಟರು. ಅದರ ಮೇಲೆ ಕಬ್ಬಿಣದ ಸ್ಟ್ಯಾಂಡು ಬೆಸೆದು, ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ಕೂರಿಸಿದರು. ಡ್ರಮ್ಮಿನ ತುಂಬ ಜಲ್ಲಿಕಲ್ಲು. ಕೆಳಗೆ ಮೀನು, ಮೇಲೆ ಕಲ್ಲಿನಲ್ಲಿ ಪಾಲಕ್, ಪುದೀನ, ದಂಟು, ಎರಡು ಟೊಮೆಟೊ ಗಿಡ. ಅಂಗೈಯಷ್ಟು ಪಂಪು ಮೀನಿನ ನೀರನ್ನು ಕಲ್ಲಿಗೆ ಎತ್ತುತ್ತಿತ್ತು. ಡ್ರಮ್ಮು ತುಂಬಿ, ಗೊಳಗೊಳ ಅಂತ ಸದ್ದು ಮಾಡಿ, ನೀರು ಮತ್ತೆ ಕೆಳಗಿಳಿಯುತ್ತಿತ್ತು. ಮಣ್ಣಿಲ್ಲ, ಗೊಬ್ಬರವಿಲ್ಲ, ಔಷಧಿ ಹೊಡೆಯುವಂತಿಲ್ಲ. ಔಷಧಿ ಹೊಡೆಯದ ಟೊಮೆಟೊ ಅಂದರೆ ನಮ್ಮ ಕೋಲಾರದ ಸೀಮೆಯಲ್ಲಿ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಕರೆಂಟು ಹೋದರೆ ಪಂಪು ನಿಲ್ಲದಂತೆ ಬ್ಯಾಟರಿ ಇಟ್ಟಿದ್ದರು. ಚಿಂತಾಮಣಿ ಕಡೆಯಿಂದ ರೇಷ್ಮೆಹುಳ ತರಿಸಿ, ಒಣಗಿಸಿ ಪುಡಿಮಾಡಿ ಮೀನಿಗೆ ಹಾಕುತ್ತಿದ್ದರು. ನಾತಕ್ಕೆ ನಾನು ದಿನಾ ಜಗಳ ಆಡುತ್ತಿದ್ದೆ. ಅವರು ನಕ್ಕು ಒಂದು ಕಟ್ಟು ಪಾಲಕ್ ಕೊಟ್ಟು ಕಳಿಸುತ್ತಿದ್ದರು.

ಅತ್ತೆ ಆ ತೊಟ್ಟಿಯ ಪಕ್ಕ ಕೂತರೆ ಏಳುತ್ತಿರಲಿಲ್ಲ. ಅದೇನು ಸಿಕ್ಕಿತೋ ಅವರಿಗೆ ಅದರಲ್ಲಿ... ತವರಿನ ಕೆರೆಯೇ ಕಂಡಿತೋ ಏನೋ. ಬೆಳಗಿನ ತಿಂಡಿ ಆದ ಮೇಲೆ ಸ್ಟೂಲು ಹಾಕಿಕೊಂಡು ಕೂತರೆ ಮಧ್ಯಾಹ್ನ ಊಟಕ್ಕೆ ಕರೆಯಬೇಕಿತ್ತು. ಜಿಲೇಬಿ ಮೀನು, ಅರವತ್ತು ಇದ್ದವು. ಅತ್ತೆಯ ನೆರಳು ಬಿದ್ದರೆ ಸಾಕು, ಒಟ್ಟಿಗೆ ಮೇಲಕ್ಕೆ ಬರುತ್ತಿದ್ದವು. "ಚೇಪಲು ವಚ್ಚಿನಾಯಿ" ಅನ್ನುತ್ತಿದ್ದರು ಅತ್ತೆ, ಮೀನು ಬಂದವು ಅಂತ. ದಿನಕ್ಕೆ ಹತ್ತು ಸಲ, ಹತ್ತು ಸಲವೂ ಮೊದಲನೇ ಸಲದ ಖುಷಿಯಲ್ಲಿ. ಕೈಚೀಲ ಗೋಡೆಯ ಮೊಳೆಗೆ ನೇತುಬಿತ್ತು. ಹತ್ತು ತಿಂಗಳು ಅವರು ಗೇಟು ದಾಟಲಿಲ್ಲ. ಗೇಟಿಗೆ ಬೀಗ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ದಿನವೂ ಮಾಮ ಬೀಗ ಹಾಕಿದವರಲ್ಲ. ತಮ್ಮ ಎರಡು ಸಲ ಬಂದು ನೋಡಿ, ಅಕ್ಕ ಮೀನಿಗೆ ಮೇವು ಹಾಕುವುದನ್ನು ಕಂಡು, ಏನೂ ಮಾತೆತ್ತದೆ ಹೋದರು.

ಮೀನು ಯಾವಾಗ ಹಿಡಿಯುತ್ತೀರಿ, ಸಾರು ಮಾಡೋಣ ಅಂತ ನಾನು ರೇಗಿಸುತ್ತಿದ್ದೆ. "ಅವು ನಿಮ್ಮತ್ತೇವು ಕಣಮ್ಮ, ಅವಳನ್ನೇ ಕೇಳು" ಅನ್ನುತ್ತಿದ್ದರು ಮಾಮ.

ಮರುವರ್ಷದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂದು ಇಳಿಯಲಿಲ್ಲ. ಕೋಲಾರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೋಗುವಾಗ ಮಾಮ ನನ್ನ ಕೈಗೆ ಮನೆಯ ಬೀಗದ ಕೈ ಕೊಟ್ಟು, ಮೀನಿನ ಜವಾಬ್ದಾರಿ ಒಪ್ಪಿಸಿದರು. ಬಿಲ್ಲಿನ ಪುಸ್ತಕದ ಹಾಳೆಯ ಹಿಂದೆ ಎಲ್ಲ ಬರೆದಿದ್ದರು. ಪಂಪು ನಿಲ್ಲಿಸಬಾರದು. ದಿನಕ್ಕೆ ಒಂದೇ ಹಿಡಿ ಮೇವು. ನೀರು ಕಡಿಮೆಯಾದರೆ ನಲ್ಲಿ ನೀರು ನೇರವಾಗಿ ಬಿಡಬಾರದು, ಬಿಸಿಲಲ್ಲಿ ಒಂದು ದಿನ ಇಟ್ಟ ಡ್ರಮ್ಮಿನ ನೀರನ್ನೇ ಹಾಕಬೇಕು. ಬೆಕ್ಕು ಬಂದರೆ ಓಡಿಸಬೇಕು. ಕಲ್ಲಿನ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ. ಕಲ್ಲಿಗೆ ಯಾರಾದರೂ ಏನಾದರೂ ಮಾಡುತ್ತಾರೆ ಅಂತ ಅವರ ಮನಸ್ಸಿಗೇ ಬಂದಿರಲಿಕ್ಕಿಲ್ಲ.

ಮರುದಿನ ಬೆಳಗ್ಗೆ ಹೋಗಿ ನೋಡಿದೆ. ಕಲ್ಲಿನ ಮೇಲೆಲ್ಲ ಕಂದು ಬಣ್ಣದ ಲೋಳೆ. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು. ಬುಡದಲ್ಲಿ ಪಾಚಿ, ಕೆಸರು. ಡೆಂಗಿಯ ದಿನಗಳು. ಹಿಂದಿನ ದಿನ ತಾನೇ ಮೂರನೇ ಬೀದಿಯಲ್ಲಿ ಒಬ್ಬಳಿಗೆ ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಿದ್ದಕ್ಕೆ ಬಾಯಿಗೆ ಬಂದಂತೆ ಬೈದು ಬಂದಿದ್ದೆ. ನನ್ನ ಸ್ವಂತ ಎದುರು ಮನೆಯಲ್ಲಿ ಇಷ್ಟು ಗಲೀಜು ಇಟ್ಟುಕೊಂಡು ಯಾವ ಮುಖದಲ್ಲಿ ಊರಿಗೆ ಬುದ್ಧಿ ಹೇಳುವುದು ಅನ್ನಿಸಿತು. ಪಾಪ, ಮಾಮ ಒಬ್ಬರೇ, ಅತ್ತೆಯನ್ನು ನೋಡಿಕೊಳ್ಳುವುದರಲ್ಲಿ ತೊಳೆಯಲು ಪುರುಸೊತ್ತಾಗಿಲ್ಲ, ಆಸ್ಪತ್ರೆಯಿಂದ ಬರುವುದರೊಳಗೆ ಲಕಲಕ ಅನ್ನಿಸಿಬಿಡೋಣ ಅಂದುಕೊಂಡೆ. ವರಮಹಾಲಕ್ಷ್ಮಿ ಹಬ್ಬ ಬೇರೆ ಹತ್ತಿರದಲ್ಲಿತ್ತು. ಹಬ್ಬಕ್ಕೆ ಮುಂಚೆ ಮನೆಯ ಪ್ರತಿ ಡಬ್ಬಿ ತೊಳೆಯುವ ಜಾತಿ ನಾವು.

ಸೀರೆ ಎತ್ತಿಕಟ್ಟಿ ನಿಂತೆ. ಗಿಡಗಳನ್ನು ಬೇರುಸಮೇತ ಬಕೆಟ್ಟಿನಲ್ಲಿಟ್ಟು, ಪಂಪಿನ ಪೈಪನ್ನು ಡ್ರಮ್ಮಿನಿಂದ ತೆಗೆದು ತೊಟ್ಟಿಯೊಳಕ್ಕೇ ಇಳಿಬಿಟ್ಟು, ಬಾಂಡ್ಲಿ ಬಾಂಡ್ಲಿ ಕಲ್ಲು ಇಳಿಸಿದೆ. ಮನೆಯಲ್ಲಿ ಉಳಿದಿದ್ದ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕಿ ಒಂದು ಗಂಟೆ ನೆನೆಸಿಟ್ಟು, ಕಸಬರಿಕೆಯಲ್ಲಿ ಉಜ್ಜಿದೆ. ಆಮೇಲೆ ಐದು ಸಲ ಒಳ್ಳೆಯ ನೀರಲ್ಲಿ ಜಾಲಿಸಿದೆ, ಔಷಧಿ ಮೀನಿಗೆ ಹೋಗಬಾರದಲ್ಲ, ಅಷ್ಟು ಬುದ್ಧಿ ಇತ್ತು ನನಗೆ. ಇಡೀ ದಿನದ ಕೆಲಸ. ಸಂಜೆ ಕಲ್ಲೆಲ್ಲ ವಾಪಸ್ ತುಂಬಿ, ಗಿಡ ನೆಟ್ಟು, ಪೈಪು ಮೇಲಿಟ್ಟಾಗ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಸೊಂಟ ಬಿದ್ದುಹೋಗಿದ್ದರೂ ಮನಸ್ಸಿಗೆ ಎಷ್ಟು ಸಮಾಧಾನವಾಗಿತ್ತು ಅಂದರೆ ಮನೆಯವರನ್ನು ಕರೆದು ತೋರಿಸಿದೆ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹಸಿವು ಅಂದುಕೊಂಡೆ. ಒಂದು ಹಿಡಿ ಸಾಲದು, ಮಾಮ ಕೈ ಬಿಗಿ ಅಂತ ಬೈದುಕೊಂಡು ಎರಡು ಹಿಡಿ ಹಾಕಿದೆ. ಸಂಜೆ ಮತ್ತೆ ಹಾಕಿದೆ. ನಾಲ್ಕನೇ ದಿನ ಹತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಐದನೇ ದಿನ ಮಾಮ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಾಗ ಒಂದೂ ಉಳಿದಿರಲಿಲ್ಲ. ಬಕೆಟ್ಟಿನಲ್ಲಿ ತುಂಬಿ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದೆ ನಾನು.

ಮಾಮ ಮೊದಲು ನೋಡಿದ್ದು ಮೀನನ್ನಲ್ಲ, ಕಲ್ಲನ್ನು. ಒಂದು ಕಲ್ಲು ಎತ್ತಿ ಮೂಸಿದರು. "ತೊಳುದ್ಯಾ?" ಅಂದರು. ಹೂಂ ಅಂದೆ. ಏನು ಹಾಕಿ ತೊಳೆದೆ ಅಂತಲೂ ಹೇಳಿದೆ. ಅವರು ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ಆ ಲೋಳೇಲಿ ಜೀವ ಇರ್ತದಮ್ಮ. ಕಣ್ಗೆ ಕಾಣಲ್ಲ. ಮೀನಿನ ಗಲೀಜಲ್ಲಿರೋ ವಿಷಾನ ಅವು ತಿಂದು ಗಿಡಕ್ಕೆ ಗೊಬ್ಬರ ಮಾಡ್ತವೆ. ಅವು ಹೋದ್ರೆ ಮೀನು ತನ್ನ ವಿಷದಲ್ಲಿ ತಾನೇ ಸಾಯ್ತದೆ. ನಾನು ಬರೀಬೇಕಿತ್ತು. ತಪ್ಪು ನಂದೇ."

ಅವರು ಬೈದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ನನಗೆ ಜಗಳ ಗೊತ್ತು. ತಪ್ಪು ನಂದೇ ಅಂದವರ ಜೊತೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಅತ್ತೆ ಆಗಲೇ ಸ್ಟೂಲು ಎಳೆದುಕೊಂಡು ಕೂತಿದ್ದರು. ನೀರಿನ ಮೇಲೆ ಬಗ್ಗಿದರು. "ಚೇಪಲೇವಿ?" ಅಂದರು. ಮೀನೆಲ್ಲಿ ಅಂತ. ಕೆಳಗೆ ಮಲಗಿವೆ ಅಂದರು ಮಾಮ. ಅದನ್ನೇ ಮತ್ತೆ ಮತ್ತೆ ಹೇಳಿದರು, ದಿನಕ್ಕೆ ಎಷ್ಟು ಸಲವೋ.

ತಡೆಯಲಾರದೆ ನಾಲ್ಕನೇ ದಿನಕ್ಕೇ ಮೀನುಮರಿ ತಂದು ಬಿಟ್ಟರು. ಕಲ್ಲಿಗೆ ಮತ್ತೆ ಜೀವ ಬರಲು ಒಂದೂವರೆ ತಿಂಗಳಾದರೂ ಬೇಕು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಂದರು, ಅತ್ತೆ ಕಾಯುತ್ತಿರಲಿಲ್ಲವಲ್ಲ. ಆ ಮರಿಗಳೂ ವಾರದಲ್ಲಿ ಸತ್ತವು. ಅತ್ತೆ ಖಾಲಿ ನೀರು ನೋಡಿ ನೋಡಿ ಒಂದು ದಿನ ಎದ್ದು ಹೋಗಿ ಮೊಳೆಯಿಂದ ಕೈಚೀಲ ಇಳಿಸಿಕೊಂಡರು. ಮಾಮ ಪೈಪು ಬಿಚ್ಚುತ್ತಾ ಬಗ್ಗಿದ್ದಾಗ ಗೇಟು ದಾಟಿದ್ದರು. ಮುಳಬಾಗಿಲು ಬಸ್ಸು ಹತ್ತಿ ಕೂತಿದ್ದವರನ್ನು ಅತ್ತೆಯ ತವರಿನ ಕಡೆಯ ಕಂಡಕ್ಟರ್ ಗುರುತು ಹಿಡಿದು ಇಳಿಸಿ ಫೋನ್ ಮಾಡಿದರು. ಅವರು ಫೋನ್ ಮಾಡಿದ್ದು ಮಾಮನಿಗಲ್ಲ, ಅತ್ತೆಯ ತಮ್ಮನಿಗೆ.

ತಮ್ಮ ಬರುತ್ತಾರೆ ಅಂತ ಗೊತ್ತಾದ ಬೆಳಗ್ಗೆ ನಾನು ಮಾಮನ ಹತ್ತಿರ ಹೋಗಿ, "ನಾನೇ ಹೇಳ್ಬಿಡ್ತೀನಿ ಮಾಮ, ಕಲ್ಲು ತೊಳ್ದಿದ್ದು ನಾನು ಅಂತ" ಅಂದೆ. ಅವರು ನನ್ನ ಮುಖ ನೋಡಿದರು. "ಬೇಡ ಬಿಡಮ್ಮ. ಡೆಂಗಿ ಕಾಲ. ಬೀದೀಲಿ ಹತ್ತು ಬಾಯಿಗೆ ಬಿದ್ರೆ ನಾಳೆ ನೀನು ಡ್ರಮ್ ತೊಳೀರಿ ಅಂದ್ರೆ ಯಾರು ಕೇಳ್ತಾರೆ? ನಾನೇನೋ ಹೇಳ್ಕೊಂತೀನಿ" ಅಂದರು. ನಾನು ಸುಮ್ಮನಾದೆ. ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ನಾನು ಕೇಳಿದ್ದೆ. ಮನೆಗೆ ಬಂದಾಗ ಎದೆಯ ಮೇಲಿನ ಭಾರ ಇಳಿದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ತಮ್ಮ ಕಾರು ಮಾಡಿಕೊಂಡು ಬಂದಿದ್ದರು. ನಾನು ಕಾಫಿ ತಗೊಂಡು ಹೋದೆ. ಅವರು ತೊಟ್ಟಿಯ ಹತ್ತಿರವೇ ನಿಂತಿದ್ದರು.

"ಮೀನೇನಾದ್ವು ಭಾವ?"

"ಸತ್ತೋದ್ವು."

"ಅಕ್ಕ ಆಸ್ಪತ್ರೇಲಿದ್ದಾಗಾ? ಯಾರ್ ನೋಡ್ಕೊಂತಿದ್ರು ಮನೇಲಿ?"

ನಾನು ಕಾಫಿಯ ತಟ್ಟೆ ಹಿಡಿದು ಅವರಿಬ್ಬರ ನಡುವೆ ನಿಂತಿದ್ದೆ. ಮಾಮ ಒಂದು ಲೋಟ ತೆಗೆದುಕೊಂಡರು. "ಯಾರೂ ಇಲ್ಲ. ಯಾರಿಗೂ ಹೇಳ್ದೆ ಹಂಗೇ ಬಿಟ್ಟೋಗಿದ್ದೆ. ನೆನಪೇ ಬರ್ಲಿಲ್ಲ ನಂಗೆ. ತಪ್ಪು ನಂದೇ" ಅಂದರು. ಹೇಳುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಬಹುಶಃ ನನ್ನ ಬಾಯಿ ಬರುತ್ತಿತ್ತು... ಇಲ್ಲ, ಬರುತ್ತಿರಲಿಲ್ಲ. ಈಗ ಯಾಕೆ ಸುಳ್ಳು.

"ನೆನಪು ಬರ್ಲಿಲ್ಲ ಅಂತೀರಲ್ಲ ಭಾವ. ನೀವೂ ಮರೆಯೋಕೆ ಶುರು ಮಾಡಿದ್ರೆ ಇನ್ನೇನು? ನೀರಲ್ಲಿರೋ ಮೀನು ನೋಡ್ಕೊಳ್ಳೋಕಾಗ್ಲಿಲ್ಲ, ನಮ್ಮಕ್ಕನ್ನ ಏನ್ ನೋಡ್ಕೊಂತೀರ?" ಅಂದರು ತಮ್ಮ. ಸಿಟ್ಟಿನಿಂದ ಹೇಳಲಿಲ್ಲ, ಅಳುವ ದನಿಯಲ್ಲಿ ಹೇಳಿದರು. ಅದಕ್ಕೆ ಮಾಮನ ಹತ್ತಿರ ಇದ್ದ ಒಂದೇ ಉತ್ತರ ತಟ್ಟೆ ಹಿಡಿದು ನಿಂತಿತ್ತು.

ಅರ್ಧ ಗಂಟೆಯಲ್ಲಿ ಅತ್ತೆಯ ಸೀರೆಗಳನ್ನು ಕಟ್ಟಿಯಾಯಿತು. ಕಟ್ಟಿದವಳು ನಾನೇ. ಮನೆಗೆ ಹೋಗೋದು ಅಂದಿದ್ದಕ್ಕೆ ಅತ್ತೆ ಖುಷಿಯಿಂದ ಕಾರು ಹತ್ತಿ ಕೂತರು. ಆಮೇಲೆ ಕಿಟಕಿಯಿಂದ ಮಾಮನನ್ನು ನೋಡಿ, ನುವ್ವು ರಾವಾ, ನೀನು ಬರಲ್ವಾ ಅಂತ ಕೇಳಿದರು. ಹಿಂದೆ ಬರ್ತೀನಿ ಅಂದರು ಮಾಮ. ಕಾರು ತಿರುಗಿದ ಮೇಲೂ ಅವರು ಗೇಟಿನಲ್ಲೇ ಇದ್ದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಒಂದೂವರೆ ತಿಂಗಳಿಗೆ ಸರಿಯಾಗಿ ಕಲ್ಲು ಚೇತರಿಸಿಕೊಂಡಿತು. ದೀಪಾವಳಿ ಹೊತ್ತಿಗೆ ತೊಟ್ಟಿಯಲ್ಲಿ ಮತ್ತೆ ಅರವತ್ತು ಮೀನು. ಮಾಮ ಪ್ರತಿ ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಳಬಾಗಿಲಿಗೆ ಬಸ್ಸು ಹತ್ತುತ್ತಿದ್ದರು, ಈ ಸಲ ಕರೆದುಕೊಂಡು ಬರುತ್ತೇನೆ ಅಂತ. ಸಂಜೆ ಒಬ್ಬರೇ ಇಳಿಯುತ್ತಿದ್ದರು. ಏನಾಯಿತು ಮಾಮ ಅಂದರೆ, "ಮುಂದಿನ್ ವಾರ ನೋಡಾಣ ಅಂದವ್ರೆ" ಅನ್ನುತ್ತಿದ್ದರು. ಆಮೇಲಾಮೇಲೆ ನಾನು ಕೇಳುವುದನ್ನು ಬಿಟ್ಟೆ. ಸಂಕ್ರಾಂತಿಯಾಗಿ ಹತ್ತು ದಿನಕ್ಕೆ ಅತ್ತೆ ತಮ್ಮನ ಮನೆಯಲ್ಲಿ ತೀರಿಕೊಂಡರು. ಜ್ವರ ಅಂತೆ. ಮಾಮ ಮಣ್ಣು ಮುಗಿಸಿಕೊಂಡು ಬಂದು, ಸ್ನಾನ ಮಾಡಿ, ಮೀನಿಗೆ ಮೇವು ಹಾಕಿದರು.

ಅದಾದ ಮೇಲೂ ಒಂದು ವರ್ಷದ ಮೇಲೆ ಬದುಕಿದ್ದರು. ಅಂಗಡಿಗೆ ಹೋಗುತ್ತಿದ್ದರು, ತಂತಿ ಸುತ್ತುತ್ತಿದ್ದರು, ನನಗೆ ಪಾಲಕ್ ಕೊಡುವುದನ್ನು ಒಂದು ವಾರವೂ ತಪ್ಪಿಸಲಿಲ್ಲ. ನಾನು ಬೇಯಿಸುತ್ತಿದ್ದೆ, ಮನೆಯವರಿಗೆ ಬಡಿಸುತ್ತಿದ್ದೆ, ನನ್ನ ತಟ್ಟೆಗೆ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಬೆಳಗ್ಗೆ ಅಂಗಡಿಯಲ್ಲಿ ಕೂತಲ್ಲೇ ಪಕ್ಕಕ್ಕೆ ವಾಲಿದರು, ಅಷ್ಟೇ. ಅಣ್ಣನ ಮಕ್ಕಳು ಬಂದು ಮನೆ ಖಾಲಿ ಮಾಡಿ, ತೊಟ್ಟಿ, ಡ್ರಮ್ಮುಗಳನ್ನು ಗುಜರಿಗೆ ಹಾಕಿದರು. ಜಲ್ಲಿಯನ್ನು ಯಾರೋ ರಸ್ತೆಯ ಗುಂಡಿಗೆ ಸುರಿದರು. ಈಗ ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದಾರೆ. ಒಳ್ಳೆಯ ಜನ, ಡ್ರಮ್ಮಿಗೆ ಮುಚ್ಚಳ ಹಾಕುತ್ತಾರೆ.

ಹೋದ ತಿಂಗಳು ಮುಳಬಾಗಿಲಲ್ಲಿ ಬಸ್ಸಿಳಿದವಳು ತಂಗಿಗೆ ಫೋನ್ ಕೂಡ ಮಾಡದೆ ಆ ಹಳ್ಳಿಗೆ ಹೋಗುವ ಆಟೋ ಹತ್ತಿದೆ. ಅತ್ತೆಯ ತಮ್ಮ ಜಗುಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, ಹೆಂಡತಿಯನ್ನು ಕರೆದು ನೀರು ಕೊಡಿಸಿದರು. ನೀರು ಕುಡಿಯುವ ಮೊದಲೇ ನಾನು ಹೇಳಿಬಿಟ್ಟೆ. ಮೀನು ನೋಡಿಕೊಳ್ಳಲು ಮಾಮ ನನಗೆ ಒಪ್ಪಿಸಿ ಹೋಗಿದ್ದರು, ಕಾಗದದಲ್ಲಿ ಬರೆದುಕೊಟ್ಟಿದ್ದರು, ಕಲ್ಲು ತೊಳೆದು ಮೀನು ಸಾಯಿಸಿದವಳು ನಾನು, ಅವರಿಗೆ ಮರೆವೂ ಇರಲಿಲ್ಲ ಮಣ್ಣೂ ಇರಲಿಲ್ಲ ಅಂತ. ಬೀದಿ ಬೀದಿಯಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ ಅದನ್ನು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಅವರು ಕುಡುಗೋಲು ಕೆಳಗಿಟ್ಟರು. ಮನೆಯ ಎದುರಿಗೇ ಕೆರೆಯ ಏರಿ, ಈಗೀಗ ಆ ಕೆರೆಯಲ್ಲಿ ವರ್ಷವಿಡೀ ನೀರಿರುತ್ತದೆ.

"ಅಕ್ಕ ಇಲ್ಲಿಗ್ ಬಂದ್ಮೇಲೆ ರೂಮಿಗ್ ಬೀಗ ಹಾಕಿ ಇಡ್ತಿದ್ವಮ್ಮ," ಅಂದರು ಕೊನೆಗೆ. "ಬಿಟ್ರೆ ಸೀದಾ ಕೆರೆಗ್ ಇಳಿಯೋಳು. ಮೀನು ನೋಡ್ಬೇಕು ಅಂತ. ಇನ್ನೇನ್ ಮಾಡಾಣ, ಬೀಗ ಹಾಕಿದ್ವಿ. ಒಳಗಿಂದ ಬಾಗ್ಲು ಬಡಿಯೋಳು." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಭಾವ ವಾರವಾರ ಬಂದು ಕಳ್ಸಿಕೊಡಪ್ಪ, ಈಗ ಮೀನೆಲ್ಲ ಚೆನ್ನಾಗವೆ ಅಂತ ಕೇಳೋರು. ನಾನು ಪ್ರತಿ ಸಲ ಒಂದೇ ಮಾತು ಅಂತಿದ್ದೆ, ಮೀನು ಸಾಯಿಸ್ದೋರು ನೀವು ಅಂತ. ಅದಂದ್ರೆ ಸಾಕು, ಮಾತೇ ಆಡ್ತಿರ್ಲಿಲ್ಲ. ಎದ್ದು ಹೋಗೋರು."

ಕೇಳಬಾರದಿತ್ತು, ಆದರೂ ಕೇಳಿದೆ. "ಅವತ್ತು ನಾನು ಹೇಳಿದ್ದಿದ್ರೆ ಕಳಿಸ್ತಿದ್ರಾ ಅಣ್ಣ?"

"ಕಳಿಸ್ತಿದ್ದೆ," ಅಂದರು. "ಕಾರಲ್ಲಿ ಕೂರಿಸ್ತಾನೇ ಇರ್ಲಿಲ್ಲ."

ಒಳಗಿನಿಂದ ಅವರ ಹೆಂಡತಿ ಊಟಕ್ಕೆ ಏಳಿ ಅಂತ ಕರೆದರು. ಅವರು ಏಳಲಿಲ್ಲ. "ನಾನು ಭಾವನ್ ಕಾಲಿಗ್ ಬೀಳ್ಬೇಕಲ್ಲಮ್ಮ ಈಗ. ಎಲ್ಲಿಗ್ ಹೋಗಿ ಬೀಳ್ಲಿ?" ಅಂತ ನನ್ನನ್ನೇ ಕೇಳಿದರು. ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ ನನ್ನ ಮುಖ ನೋಡುತ್ತಾ ಕೂತರು.

ಸಂಜೆಯ ಬಸ್ಸಿಗೆ ವಾಪಸ್ ಹೊರಟೆ. ಹೇಳಿಬಿಟ್ಟರೆ ನನ್ನದು ಒಂದಿಷ್ಟಾದರೂ ಇಳಿಯುತ್ತದೆ ಅಂದುಕೊಂಡು ಹೋಗಿದ್ದೆ. ಈಗ ಆ ಹಳ್ಳಿಯಲ್ಲಿ ಇನ್ನೊಬ್ಬರು ರಾತ್ರಿ ನಿದ್ದೆಯಿಲ್ಲದೆ ಮಲಗುತ್ತಾರೆ. ನನ್ನದು ಏನೂ ಇಳಿದಿಲ್ಲ.